ಊಟಿ ಮಾರ್ಗದ ಕುದುರೆ ಸಾಗಣೆ: ಸಮಯ ಮತ್ತು ಬಾಡಿಗೆಯ ಬದಲಾವಣೆ ಕುರಿತು

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ, ಮೈಸೂರಿನಿಂದ ಊಟಿಗೆ ಕುದುರೆ ಒಯ್ಯುವ ನಮ್ಮ ಪಿಕಪ್ ಮತ್ತು ಟ್ರೇಲರ್‌ಗಳು ಗೂಡಲೂರು ದಾಟಿದ ಮೇಲೆ ಗಂಟೆಗೆ 25 ಕಿಲೋಮೀಟರ್ ಮೀರಿ ಓಡುವುದಿಲ್ಲ ಮತ್ತು ಏರಿನ ನಡುವೆ ಎರಡು ಕಡೆ ನಿಂತು ಹೋಗುತ್ತವೆ. ಕುದುರೆ ತಲುಪುವುದು ಒಂದು ಗಂಟೆಗೂ ಹೆಚ್ಚು ತಡವಾಗುತ್ತದೆ. ಈ ಮಾರ್ಗದ ಬಾಡಿಗೆ ಶೇ 12ರಷ್ಟು ಏರುತ್ತದೆ. ತಮಗಾಗುವ ಅನನುಕೂಲಕ್ಕೆ ವಿಷಾದಿಸುತ್ತೇವೆ. ಆದರೆ ಸೀಸನ್ ನೋಡಿಕೊಂಡು ದರ ಏರಿಸಿದರೆಂಬ ಮಾತನ್ನು ಮಾತ್ರ ಒಪ್ಪಲಾರೆವು.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ರಾತ್ರಿಯ ತಂಪಿನಲ್ಲಿ ಘಾಟಿ ಹತ್ತುವ ಅನುಕೂಲ ನಮಗಿಲ್ಲ. ಬಿಸಿಲಿನಲ್ಲಿ, ಪ್ರವಾಸಿ ಕಾರುಗಳ ಹಿಂದೆ, ತಿರುವು ತಿರುವಿಗೂ ಅರ್ಧ ಕ್ಲಚ್ಚಿನಲ್ಲಿ ನಿಂತು ಹೊರಡಬೇಕು. ಕ್ಲಚ್ ಪ್ಲೇಟ್ ಸವೆದರೆ ಗೇರ್‌ಬಾಕ್ಸ್ ಇಳಿಸದೆ ಬದಲಿಸಲಾಗದು. ಪ್ಲೇಟಿನ ಬೆಲೆಗಿಂತ ಗಾಡಿ ಶೆಡ್ಡಿನಲ್ಲಿ ನಿಂತ ದಿನಗಳ ನಷ್ಟವೇ ದೊಡ್ಡದು. ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಡೀಸೆಲ್ ಬೆಲೆಯನ್ನಷ್ಟೇ ಕೇಳುತ್ತಾರೆ.

ಗಾಡಿಯಲ್ಲಿ ಜೊತೆಗೆ ಬಂದ ಮಾಲೀಕರಲ್ಲಿ ಹಲವರು ಮತ್ತೆ ಮತ್ತೆ ಹೇಳುವ ದೂರು ಒಂದೇ: ಇಷ್ಟು ಅಶ್ವಶಕ್ತಿಯ ಎಂಜಿನ್ ಇದ್ದೂ ನಿಮ್ಮ ಡ್ರೈವರ್ ಎರಡನೇ ಗೇರಿನಲ್ಲಿ ಅದನ್ನು ಕೂಗಿಸುತ್ತ ತೆವಳುತ್ತಾನೆ, ಗಾಡಿಯೂ ಹಾಳು, ಹೊತ್ತೂ ಹಾಳು. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ. ಪಿಕಪ್, ಟ್ರೇಲರ್, ಎರಡು ಕುದುರೆ, ಮೇವು, ನೀರು ಸೇರಿ ಒಟ್ಟು ತೂಕ ಸುಮಾರು 4,200 ಕಿಲೋ. ಹದಿನೈದು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಇದನ್ನು ಎಳೆಯುವುದೆಂದರೆ 280 ಕಿಲೋ ಭಾರವನ್ನು ಬಿಡುವಿಲ್ಲದೆ ನೆಟ್ಟಗೆ ಮೇಲಕ್ಕೆತ್ತಿದಂತೆ. ಏರಿಗಾಗಿಯೇ 25ರ ವೇಗದಲ್ಲಿ ಸುಮಾರು 26 ಅಶ್ವಶಕ್ತಿ ಬೇಕು, 50ರ ವೇಗದಲ್ಲಿ 52. ಡೀಸೆಲ್ ಉರಿದು ಬರುವ ಶಕ್ತಿಯ ಅರ್ಧಕ್ಕೂ ಹೆಚ್ಚು ಬರೀ ಕಾವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹೋಗಬೇಕಾದ್ದರಿಂದ, ವೇಗ ಇಮ್ಮಡಿಯಾದರೆ ಆ ಕಾವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಐದನೆಯ ಒಂದು ಪಾಲಿನಷ್ಟು ತೆಳು. ಹವೆ ತಂಪಾಗಿದ್ದರೂ ರೇಡಿಯೇಟರಿಗೆ ಅದರಿಂದ ಸಿಗುವ ನೆರವು ನಾವೆಣಿಸಿದಷ್ಟಿಲ್ಲ.

ಇನ್ನು ಕೂಗುವ ಎಂಜಿನ್ನಿನ ಮಾತು. ಬ್ರೋಷರಿನಲ್ಲಿ ಅಚ್ಚಾದ ಅಶ್ವಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ ಮೂರು ಸಾವಿರಕ್ಕೂ ಮೀರಿ ಸುತ್ತುವಾಗ. ಗೇರ್ ಇಳಿಸಿದರೆ ಸುತ್ತು ಹೆಚ್ಚುತ್ತದೆ, ಬೆಲ್ಟಿಗೆ ಕಟ್ಟಿದ ವಾಟರ್ ಪಂಪು, ಫ್ಯಾನು ಎರಡೂ ಜೋರಾಗಿ ತಿರುಗುತ್ತವೆ. ಸದ್ದು ಬೇಡವೆಂದು ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಎಂಜಿನ್ ನಡುಗುತ್ತ ಎಳೆಯುತ್ತದೆ, ನೀರು ನಿಧಾನವಾಗಿ ಹರಿಯುತ್ತದೆ, ಟೆಂಪರೇಚರ್ ಮುಳ್ಳು ಸದ್ದಿಲ್ಲದೆ ಮೇಲೇರುತ್ತದೆ. ಹಾಳಾಗುವುದು ಆಗ. ಏರು ಮುಗಿಸಿ ನಿಂತ ಮೇಲೂ ನಮ್ಮ ಡ್ರೈವರ್ ನಾಲ್ಕೈದು ನಿಮಿಷ ಎಂಜಿನ್ ಆರಿಸುವುದಿಲ್ಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ, ಕಾದ ಟರ್ಬೋಗೆ ಎಣ್ಣೆ ಹರಿಯುತ್ತಿರಬೇಕು. ಡೀಸೆಲ್ ಸುಮ್ಮನೆ ಸುಡುತ್ತಿದೆಯೆಂದು ಅವರನ್ನು ಗದರಿಸಬೇಡಿರೆಂದು ವಿನಂತಿ.

ಏರಿನ ನಡುವಿನ ಆ ಎರಡು ನಿಲುಗಡೆ ಕುದುರೆಗೂ ಬೇಕು. ಐನೂರು ಕಿಲೋದ ಪ್ರಾಣಿ ಪ್ರತಿ ಹೇರ್‌ಪಿನ್ ತಿರುವಿನಲ್ಲಿ ಕಾಲೂರಿ ಮೈಭಾರ ಬದಲಿಸುತ್ತದೆ. ಎಂಜಿನ್ ಎಳೆಯಲಾರದೆ ಜರ್ಕ್ ಹೊಡೆದರೆ ಅದು ಮೊದಲು ತಟ್ಟುವುದು ಕುದುರೆಯ ಮೊಣಕಾಲಿಗೆ. ನಿಂತಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಹಗ್ಗ ಸಡಿಲಿಸಿ ತಲೆ ತಗ್ಗಿಸಲು ಬಿಡುತ್ತಾನೆ, ನೀರು ತೋರಿಸುತ್ತಾನೆ, ಎದೆಯ ಬೆವರಿಗೆ ಕೈಯಿಟ್ಟು ನೋಡುತ್ತಾನೆ. ತಮ್ಮ ಕುದುರೆಗಳನ್ನು ನಾವು ಹೆಸರಿನಿಂದ ಬಲ್ಲೆವು. ಯಾವುದು ಟ್ರೇಲರಿನ ಎಡಬದಿಯಲ್ಲೇ ನಿಲ್ಲುತ್ತದೆಂಬುದನ್ನೂ ಬಲ್ಲೆವು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬಾಡಿಗೆಯೇ ಇರುತ್ತದೆ. ಇಳಿಯುವಾಗಲೂ ಬ್ರೇಕ್ ಕಾಯದಂತೆ ಅದೇ ಗೇರು, ಅದೇ ವೇಗ. ಮರಳುವ ಹೊತ್ತನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಹೊರಡುವ ಹಿಂದಿನ ಸಂಜೆಯೇ ಹುಲ್ಲಿನ ಬಲೆ ಮತ್ತು ಕುದುರೆಯ ಕಾಗದಪತ್ರಗಳನ್ನು ನಮ್ಮ ಶೆಡ್ಡಿಗೆ ತಲುಪಿಸಿದರೆ ಬೆಳಿಗ್ಗೆ 6ಕ್ಕೆ ಬಂಡೀಪುರದ ಗೇಟಿನ ಮುಂದಿರಲು ಸಾಧ್ಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ವ್ಯವಸ್ಥಾಪಕರು ಮತ್ತು ಸಿಬ್ಬಂದಿ
ಮೈಸೂರು