ಶಾಲು ಆಮೇಲೆ ಹೊದಿಸಿ, ಮೊದಲು ಮಾತಾಡಲು ಬಿಡಿ

ಮಾನ್ಯರೇ,

ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿದ ದಿನವಾದ ಸೆಪ್ಟೆಂಬರ್ 17ರಿಂದ ನವೆಂಬರ್ ಮುಗಿಯುವವರೆಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ‘ಲೇಖಕರೊಂದಿಗೆ ಸಂವಾದ’ಗಳ ಸುಗ್ಗಿ. ಇತಿಹಾಸ ಬರೆದವರು, ಹಿರಿಯ ಪತ್ರಕರ್ತರು ರಾತ್ರಿ ರೈಲು ಹಿಡಿದು ಬಂದಿರುತ್ತಾರೆ. ಆಹ್ವಾನಪತ್ರಿಕೆಯಲ್ಲಿ ಬೆಳಿಗ್ಗೆ 10.30 ಎಂದಿರುತ್ತದೆ. ಪ್ರಾರ್ಥನೆ, ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ, ವೇದಿಕೆ ಮೇಲಿನ ಅಷ್ಟೂ ಮಂದಿಗೆ ಶಾಲು, ಹಾರ. ಇಷ್ಟೆಲ್ಲ ಮುಗಿದು ಲೇಖಕರ ಕೈಗೆ ಮೈಕ್ ಬರುವಷ್ಟರಲ್ಲಿ ಹಿಂದಿನ ಸಾಲಿನವರ ಮೂಗಿಗೆ ಪಲಾವಿನ ವಾಸನೆ ಬಡಿದಿರುತ್ತದೆ. ಸಂವಾದಕ್ಕೆ ಉಳಿಯುವುದು ಇಪ್ಪತ್ತು ನಿಮಿಷ. ಅದರಲ್ಲೂ ಮೊದಲ ಪ್ರಶ್ನೆ, ‘ಈ ಪುಸ್ತಕ ಬರೆಯಲು ನಿಮಗೆ ಪ್ರೇರಣೆ ಏನು?’

ಪುಸ್ತಕ ತೆರೆದಿಲ್ಲ ಎಂಬುದಕ್ಕೆ ಈ ಪ್ರಶ್ನೆಗಿಂತ ಬೇರೆ ಸಾಕ್ಷಿ ಬೇಡ. ನಮ್ಮ ಭಾಗದ ಇತಿಹಾಸದ ಬಗ್ಗೆ ಮಾತಾಡಿಸುವವರು ಓದದೆ ಕೂತರೆ ಮುಗಿಯಿತು, ಏಕೆಂದರೆ ಈ ಮೂರು ಜಿಲ್ಲೆಗಳ ಕಥೆ ಒಂದೇ ಅಲ್ಲ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವೂ ಅದೇ ಸಂಸ್ಥಾನದ್ದು, ಆದರೆ ಸಾಲಾರ್ ಜಂಗ್ ಮನೆತನದ ಜಹಗೀರು. ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು, ಅಲ್ಲಿ 1947ರ ಆಗಸ್ಟ್ 15ಕ್ಕೇ ಬಾವುಟ ಹಾರಿತ್ತು. ಅದರ ಮಗ್ಗುಲಲ್ಲೇ ಇದ್ದ ಸಂಡೂರು ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ. ಹೀಗಿದ್ದೂ ಬಳ್ಳಾರಿಯ ವೇದಿಕೆಯಲ್ಲಿ ‘ನಿಜಾಮರ ಕಾಲದಲ್ಲಿ ನಿಮ್ಮ ಊರು ಹೇಗಿತ್ತು’ ಎಂದು ಕೇಳುವವರಿದ್ದಾರೆ. ಬಳ್ಳಾರಿಯವರನ್ನು ಕೇಳಬೇಕಾದದ್ದು 1953ರ ಅಕ್ಟೋಬರ್ 1ರ ಬಗ್ಗೆ: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ ಉಳಿದದ್ದು ಮೈಸೂರಿಗೆ ಸೇರಿದ ದಿನ ಅದು. ರಾಯಚೂರಿನವರಿಗಾದರೆ 1956ರ ರಾಜ್ಯ ಪುನರ್ವಿಂಗಡಣೆಯ ಪ್ರಶ್ನೆ: ಗದ್ವಾಲ, ಆಲಂಪುರ ಆಂಧ್ರದ ಕಡೆ ಉಳಿದವಲ್ಲ, ಅಲ್ಲಿನ ಕನ್ನಡ ಶಾಲೆ, ಅಲ್ಲಿನ ಬೀಗರ ಸಂಬಂಧ ಏನಾದವು?

ಇನ್ನೊಂದು ತಪ್ಪು ವರ್ಷವರ್ಷವೂ ಕೇಳಿಬರುತ್ತದೆ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ‘ಅಶೋಕ’ ಎಂಬ ಹೆಸರಿದೆ, ನಿಜ. ‘ದೇಶದಲ್ಲಿ ಮಸ್ಕಿಯಲ್ಲಿ ಮಾತ್ರ’ ಎನ್ನುವುದು ಹಳೇ ಪಾಠ. ಮಧ್ಯಪ್ರದೇಶದ ಗುಜರ್ರಾದಲ್ಲೂ ಆ ಹೆಸರಿದೆ, ಬಳ್ಳಾರಿ ಜಿಲ್ಲೆಯದೇ ಆದ ನಿಟ್ಟೂರು, ಉಡೇಗೋಳದಲ್ಲೂ ಇದೆ. ಭಾಷಣಕಾರರು ‘ಮಾತ್ರ’ ಎಂದಾಗ ಪಕ್ಕದಲ್ಲಿ ಕೂತವರು ತಲೆಯಾಡಿಸದೆ ಅಲ್ಲೇ ತಿದ್ದಬೇಕು.

ಲೇಖಕರಿಂದ ನಿಜವಾಗಿ ತೆಗೆಸಬೇಕಾದದ್ದು ಅಭಿಪ್ರಾಯವಲ್ಲ, ಆಧಾರ. ಬಳ್ಳಾರಿಯ ಹಳೇ ಕಡತಗಳ ಬಹುಪಾಲು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿದೆ, ಇಂಗ್ಲಿಷಿನಲ್ಲಿ. ನಿಜಾಮರ ಆಡಳಿತದ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿವೆ. ಹಳೆಯವು ಪಾರ್ಸಿ, ಆಮೇಲಿನವು ಉರ್ದು. 1948ರ ರಜಾಕಾರರ, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯ ಬಗ್ಗೆ ಬರೆದವರಿಗೆ ‘ಉರ್ದು ಕಡತ ನೀವೇ ಓದಿದಿರಾ, ಓದಿಸಿದಿರಾ?’ ಎಂದು ಕೇಳುವುದು ಅವಮಾನವಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಹಿಂಸೆಯನ್ನು ನೋಡಲು ಬಂದ ಸುಂದರ್‌ಲಾಲ್ ಸಮಿತಿಯ ವರದಿ ದಶಕಗಟ್ಟಲೆ ಕತ್ತಲಲ್ಲಿತ್ತು. ಅದನ್ನು ಪುಸ್ತಕ ಹೇಗೆ ಬಳಸಿಕೊಂಡಿದೆ, ಬಳಸದಿದ್ದರೆ ಏಕೆ ಎಂಬುದೂ ಕೇಳಬೇಕಾದದ್ದೇ. ಬಾಯಿಮಾತಿನ ಸಾಕ್ಷಿ ಆಧರಿಸಿದ ಪುಸ್ತಕವಾದರೆ, ಹೇಳಿದವರಿಗೆ ಆಗ ಎಷ್ಟು ವಯಸ್ಸು, ಕಣ್ಣಾರೆ ಕಂಡದ್ದೆಷ್ಟು, ಮನೆಯಲ್ಲಿ ಹಿರಿಯರು ಹೇಳಿದ್ದೆಷ್ಟು? ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ.

ಪ್ರಚಲಿತ ವಿಷಯಕ್ಕೂ ಇದೇ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಮೇಲೆ ಈ ವಿಷಯದ ಉಪನ್ಯಾಸಗಳಿಗೆ ಕೊರತೆಯಿಲ್ಲ. ಮೊದಲಿದ್ದ ಸುಮಾರು 133 ಟಿಎಂಸಿ ಸಾಮರ್ಥ್ಯ ಹೂಳು ತುಂಬಿ 105.788ಕ್ಕೆ ಇಳಿದಿದೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ಅಂಕಿ ಯಾವ ವರ್ಷದ ಸಮೀಕ್ಷೆಯದು, ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇನ್ನೂ ಕಡಿಮೆ ಬಂದಿತ್ತಲ್ಲ, ಅಳೆದ ಕ್ರಮ ಬದಲಾಯಿತೇ ಎಂದು ಕೇಳುವವರು ಕಡಿಮೆ. ಎಡದಂಡೆ ನಾಲೆಯ ಕೊನೆ ಭಾಗದ ರೈತ ಎದ್ದು ನಿಂತು, ನಾಲೆಯ ನೀರಿನ ಮಟ್ಟದ ಬಗ್ಗೆ ‘ಮೈಲ್ 104ರಲ್ಲಿ ಗೇಜ್ ಎಷ್ಟಿತ್ರಿ ಅವತ್ತು?’ ಎಂದರೆ ಪ್ರಬಂಧ ಮಂಡಿಸಿದವರು ಕಾಗದ ತಿರುವಿಹಾಕುತ್ತಾರೆ. ಅಂಥ ಪ್ರಶ್ನೆಗೆ ಮೈಕ್ ಸಿಗಬೇಕು.

ಮೈಕಿನ ಮಾತಿಗೆ ಬಂದರೆ, ಶಾಲು ಆಮೇಲೆ ಎನ್ನಲು ಇನ್ನೊಂದು ಕಾರಣವಿದೆ. ಕಾಲರ್ ಮೈಕ್ ಮೇಲೆ ಶಾಲು, ಹಾರ ಬಿದ್ದರೆ ಪ್ರತಿ ಅಲುಗಾಟಕ್ಕೂ ಪರಪರ ಸದ್ದು. ರೆಕಾರ್ಡಿಂಗ್ ಪೂರಾ ಕೆಡುತ್ತದೆ. ನಮ್ಮ ಬಿಸಿಲಿಗೆ ಫ್ಯಾನ್ ನಿಲ್ಲಿಸುವಂತಿಲ್ಲ. ಹಾಗಾಗಿ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ ಇರಲಿ, ದೂರವಾದಷ್ಟೂ ಫ್ಯಾನಿನ ಸದ್ದೇ ಹೆಚ್ಚು ಸಿಗುತ್ತದೆ. ಹಿಂದಿನ ಸಾಲಿನಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿದರೆ ಬರುವುದು ಸಭಾಂಗಣದ ಪ್ರತಿಧ್ವನಿ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದ ನೇರ ವೈರ್ ತೆಗೆದುಕೊಳ್ಳಿ, ಜತೆಗೆ ಏರೋಪ್ಲೇನ್ ಮೋಡ್‌ನಲ್ಲಿಟ್ಟ ಇನ್ನೊಂದು ಮೊಬೈಲನ್ನು ಟೀಪಾಯಿ ಮೇಲಿಡಿ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಸಭಿಕರಿಗೆ ಕೊಡುವ ಕಾರ್ಡ್‌ಲೆಸ್ ಮೈಕಿಗೆ ಅದೇ ಬೆಳಿಗ್ಗೆ ಹೊಸ ಸೆಲ್ ಹಾಕಬೇಕು. ಪ್ರಶ್ನೆ ಕೇಳಿಸದಿದ್ದರೆ ನಡೆಸಿಕೊಡುವವರು ಅದನ್ನು ತಮ್ಮ ಮೈಕಿನಲ್ಲಿ ಇನ್ನೊಮ್ಮೆ ಹೇಳಬೇಕು, ಇಲ್ಲದಿದ್ದರೆ ವಿಡಿಯೊ ನೋಡುವವರಿಗೆ ಉತ್ತರ ಮಾತ್ರ ಸಿಗುತ್ತದೆ.

ಮಾತುಕತೆ 40 ನಿಮಿಷ, ಸಭಿಕರಿಗೆ 25 ನಿಮಿಷ ಸಾಕು. ಬಾಗಿಲಲ್ಲೇ ಚೀಟಿ ಕೊಟ್ಟು ಪ್ರಶ್ನೆ ಬರೆಸಿಕೊಂಡರೆ ‘ನನ್ನದೊಂದು ಸಣ್ಣ ಅನಿಸಿಕೆ’ ಎಂದು ಎದ್ದು ಹತ್ತು ನಿಮಿಷ ಮಾತಾಡುವವರ ಕಾಟ ತಪ್ಪುತ್ತದೆ. ಬರೆಯಲು ಬಾರದವರಿಗೆ ಮಾತ್ರ ಮೈಕ್ ಕೊಡಬಹುದು. ಪತ್ರಕರ್ತರನ್ನು ಕರೆಸಿದಾಗ ಇನ್ನೊಂದು ಎಚ್ಚರ ಬೇಕು. ‘ಇದು ಬರೆಯೋಕಲ್ಲ’ ಎಂದು ಕ್ಯಾಮೆರಾ ಎದುರು ಹೇಳಿ ಪ್ರಯೋಜನವಿಲ್ಲ. ಕೋರ್ಟಿನಲ್ಲಿರುವ ಪ್ರಕರಣ, ಹೆಸರು ಹೇಳಬಾರದ ಸುದ್ದಿಮೂಲ ಇವುಗಳ ಬಗ್ಗೆ ವೇದಿಕೆ ಏರುವ ಮೊದಲೇ ಮಾತಾಗಿರಬೇಕು. ವಿಡಿಯೊ ಹಾಕಿದ ಮೇಲೆ ಇಸವಿಯೋ ಹೆಸರೋ ತಪ್ಪಿದ್ದು ಗೊತ್ತಾದರೆ, ಎಷ್ಟನೇ ನಿಮಿಷದಲ್ಲಿ ಏನು ತಪ್ಪಿದೆ ಎಂದು ಕೆಳಗೆ ಬರೆಯಿರಿ. ಸದ್ದಿಲ್ಲದೆ ಕತ್ತರಿಸಿದರೆ, ಅದಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ತುಣುಕನ್ನು ತಿದ್ದುವವರಿಲ್ಲ.

ಕೊನೆಗೆ ಪತ್ರಿಕೆಗಳಿಗೂ ಒಂದು ಮಾತು. ಉದ್ಘಾಟನೆಯ ಫೋಟೊ, ಪ್ರೆಸ್‌ನೋಟ್ ಸಿಕ್ಕೊಡನೆ ವರದಿಗಾರರು ಹೊರಡುತ್ತಾರೆ. ಮಾರನೇ ದಿನ ‘ಎಂದು ಅಭಿಪ್ರಾಯಪಟ್ಟರು’ ಎಂಬ ಒಂದು ವಾಕ್ಯ, ಅದರ ಕೆಳಗೆ ಹದಿನಾಲ್ಕು ಹೆಸರು. ‘ಉಪಸ್ಥಿತರಿದ್ದರು’ ಪಟ್ಟಿಗೆ ಕೊಡುವ ಆ ಜಾಗದಲ್ಲಿ ರೈತನ ಒಂದು ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ಎರಡೂ ಹಿಡಿಸುತ್ತವೆ.

– ಒಬ್ಬ ಓದುಗ, ರಾಯಚೂರು