ಪ್ರಿಂಟಿಂಗ್ ಮತ್ತು ಮೆಷಿನಿಂಗ್ ಸೇರಿದ ಕೆಲಸಕ್ಕೆ ಕೊಟೇಷನ್ ಮೀರಿ ಹಾಕಿದ ಬಿಲ್ ಬಗ್ಗೆ ದೂರು

ಇವರಿಂದ:
ಪಂಪ್ ರಿಪೇರಿ ಘಟಕದ ಮಾಲೀಕರು,
ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಶಿವಮೊಗ್ಗ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಮೆಟಲ್ 3ಡಿ ಪ್ರಿಂಟಿಂಗ್ ವಿಭಾಗ

ಮಾನ್ಯರೇ,

ನಾಲ್ಕು ಸ್ಟೇನ್‌ಲೆಸ್ ಸ್ಟೀಲ್ ಓಪನ್ ಇಂಪೆಲ್ಲರ್‌ಗಳಿಗೆ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಬ್ಲೇಡ್ ಚಕ್ರಗಳಿಗೆ) ನಿಮಗೆ ಆರ್ಡರ್ ಕೊಟ್ಟಿದ್ದೆವು. ಪ್ರಿಂಟಿಂಗ್, ಮೆಷಿನಿಂಗ್ ಎಲ್ಲ ಸೇರಿ 1,20,000 ರೂಪಾಯಿ ಅಂತ ಕೊಟೇಷನ್ ಕಳಿಸಿದಿರಿ. ಬಂದ ಬಿಲ್ 1,74,500. ಪೀಸ್‌ಗಳು ಚೆನ್ನಾಗಿವೆ, ಅದರಲ್ಲಿ ತಕರಾರಿಲ್ಲ. ಹೆಚ್ಚಿಗೆ ಹಾಕಿರುವ 54,500 ರೂಪಾಯಿಯನ್ನು ಮಾತ್ರ ನಾವು ಒಪ್ಪುವುದಿಲ್ಲ.

ಕಾರಣ ಕೇಳಿದರೆ ವೈರ್‌ಕಟ್ (ಪೀಸನ್ನು ತಂತಿಯಿಂದ ಕೊಯ್ದು ಬಿಡಿಸುವುದು), ಫಿಕ್ಸ್ಚರ್ (ಮೆಷಿನ್‌ನಲ್ಲಿ ಪೀಸನ್ನು ಹಿಡಿದಿಡುವ ಸಾಧನ), ಹೆಚ್ಚುವರಿ ಮಿಲ್ಲಿಂಗ್ (ಲೋಹ ಕೆತ್ತಿ ತೆಗೆಯುವುದು) ಅಂತ ನಿಮ್ಮವರು ಹೇಳಿದರು. ಪ್ರಿಂಟ್ ಆದ ಪೀಸ್ ಪ್ಲೇಟಿಗೆ ಅಂಟಿಕೊಂಡೇ ಬರುತ್ತದೆ ಅಲ್ವಾ? ಹೀಟ್ ಟ್ರೀಟ್‌ಮೆಂಟ್ ಮಾಡಿ, ಪ್ಲೇಟಿನಿಂದ ಬಿಡಿಸಿ, ಪ್ರಿಂಟ್ ಮಾಡುವಾಗ ಆಸರೆಗೆ ಕೊಟ್ಟ ಸಪೋರ್ಟ್ ಕಿತ್ತ ಮೇಲೇ ಅದು ಮಿಲ್ಲಿಂಗ್‌ಗೆ ಹೋಗುವುದು. ಬಾಗಿದ ಬ್ಲೇಡ್‌ಗಳ ಪೀಸಿಗೆ ಫಿಕ್ಸ್ಚರ್ ಬೇಕು ಅನ್ನುವುದು ಡ್ರಾಯಿಂಗ್ ನೋಡಿದ ದಿನವೇ ಗೊತ್ತಿರಬೇಕಿತ್ತು.

ಮಿಲ್ಲಿಂಗ್ ವಿಷಯದಲ್ಲಿ ನಮಗೆ ತುಂಬಾ ಬೇಸರವಾಗಿದೆ. ನಮ್ಮ ಡ್ರಾಯಿಂಗ್‌ನಲ್ಲಿ ಮೆಷಿನಿಂಗ್ ಗುರುತು ಇರುವುದು ಶಾಫ್ಟ್ ಕೂರುವ ಬೋರ್‌ಗೆ ಮತ್ತು ನಡುವಿನ ಹಬ್‌ನ ಮುಖಕ್ಕೆ ಅಷ್ಟೇ. ನೀವು ಬ್ಲೇಡ್‌ಗಳಿಗೂ 2 ಮಿ.ಮೀ. ಜಾಸ್ತಿ ದಪ್ಪ ಬಿಟ್ಟು ಪ್ರಿಂಟ್ ಮಾಡಿದ್ದೀರಿ. ಆಮೇಲೆ ಫೈವ್ ಆಕ್ಸಿಸ್ ಮೆಷಿನ್‌ನಲ್ಲಿ ಅದನ್ನೇ ತೆಗೆದಿದ್ದೀರಿ. ಹಾಕಿದ್ದಕ್ಕೂ ದುಡ್ಡು, ತೆಗೆದಿದ್ದಕ್ಕೂ ದುಡ್ಡು! ಎಷ್ಟು ದಪ್ಪ ಬಿಡಬೇಕು ಅಂತ ನಿರ್ಧರಿಸುವಾಗಲೇ ಎರಡೂ ಕಡೆಯ ಖರ್ಚು ನಿರ್ಧಾರವಾಗುತ್ತದೆ. ಪ್ರಿಂಟಿಂಗ್‌ನವರೂ ಮೆಷಿನಿಂಗ್‌ನವರೂ ಒಟ್ಟಿಗೆ ಕೂತು ಲೆಕ್ಕ ಹಾಕದಿದ್ದರೆ ಆ ಹೊರೆ ನಮ್ಮ ಮೇಲೆ ಏಕೆ ಬೀಳಬೇಕು?

ಪ್ರಿಂಟಿಂಗ್ ಲೆಕ್ಕವೂ ಸರಿಯಿಲ್ಲ. ಲೋಹದ ಪುಡಿಯನ್ನು ಪದರ ಪದರವಾಗಿ ಹರಡಿ, ಲೇಸರ್‌ನಿಂದ ಕರಗಿಸಿ ನೀವು ಪೀಸ್ ಕಟ್ಟುತ್ತೀರಿ. ಪೀಸಿನ ಎತ್ತರ 60 ಮಿ.ಮೀ. ಪದರ 40 ಮೈಕ್ರಾನ್ (0.04 ಮಿ.ಮೀ.) ಆದರೆ 1500 ಪದರ. ಪದರಕ್ಕೆ ಪುಡಿ ಹರಡಲು 10 ಸೆಕೆಂಡ್ ಹಿಡಿದರೂ ಅದೊಂದಕ್ಕೇ 4 ಗಂಟೆಗಿಂತ ಜಾಸ್ತಿ. ನಾಲ್ಕೂ ಪೀಸನ್ನು ಒಂದೇ ಪ್ಲೇಟಿನಲ್ಲಿ ಮಾಡಿದ್ದು ನಿಮ್ಮ ರಿಪೋರ್ಟಿನಲ್ಲೇ ಇದೆ. ಹಾಗಾದರೆ ಈ ಸಮಯ ನಾಲ್ಕಕ್ಕೂ ಹಂಚಿಹೋಗಬೇಕು. ಲೇಸರ್ ಓಡುವ ಸಮಯ ಪೀಸ್ ಹೆಚ್ಚಾದಂತೆ ಏರುತ್ತದೆ, ಅದು ನ್ಯಾಯ. ಆದರೆ ನೀವು ಒಂದು ಪೀಸಿನ ಪೂರ್ತಿ ಸಮಯವನ್ನು ಸುಮ್ನೆ ನಾಲ್ಕರಿಂದ ಗುಣಿಸಿದ್ದೀರಿ.

ಶಿವಮೊಗ್ಗದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ನಾಲ್ಕೇ ಪೀಸಿಗೆ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿಸುವುದು ದುಬಾರಿ ಅಂತ ನಿಮ್ಮ ಹತ್ತಿರ ಬಂದೆವು. ಇಲ್ಲಿ ನಾವು ಕೆಲಸ ಕೊಡುವ ಫೌಂಡ್ರಿಯವರು ಪ್ಯಾಟರ್ನ್ ಎಷ್ಟು, ಕಿಲೋಗೆ ಎಷ್ಟು, ಮೆಷಿನಿಂಗ್ ಎಷ್ಟು ಅಂತ ಬಿಡಿಬಿಡಿಯಾಗಿ ಮೊದಲೇ ಬರೆದುಕೊಡುತ್ತಾರೆ. ನೀವೂ ಹಾಗೇ ಕೊಟ್ಟಿದ್ದರೆ 2 ಮಿ.ಮೀ. ಬೇಡ ಅಂತ ನಾವು ಅವತ್ತೇ ಹೇಳುತ್ತಿದ್ದೆವು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು ಬೇಸಿಗೆಗೆ ಈ ಪಂಪ್‌ಗಳನ್ನೇ ನಂಬಿದ್ದಾರೆ. ಅವರಿಗೆ ರೇಟ್ ಹೇಳಿ ಆಗಿದೆ. ಈಗ ಜಾಸ್ತಿ ಕೊಡಿ ಅಂತ ಕೇಳುವ ಮುಖ ನಮಗಿಲ್ಲ.

ಪುಡಿ, ಪ್ರಿಂಟ್ ಸಮಯ, ಹೀಟ್ ಟ್ರೀಟ್‌ಮೆಂಟ್, ವೈರ್‌ಕಟ್, ಫಿಕ್ಸ್ಚರ್, ಮಿಲ್ಲಿಂಗ್, ತಪಾಸಣೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಕೊಡಿ. ಬ್ಲೇಡ್ ಮಿಲ್ಲಿಂಗ್ ಖರ್ಚನ್ನು ಪೂರ್ತಿ ತೆಗೆದು, ಕೊಟೇಷನ್ ಮೊತ್ತಕ್ಕೆ ಮೀರದಂತೆ ಹೊಸ ಬಿಲ್ ಕಳಿಸಿ. 15 ದಿನದೊಳಗೆ ಲಿಖಿತ ಉತ್ತರ ಬೇಕು. ಹೊಸ ಬಿಲ್ ಕೈಸೇರಿದ ವಾರದಲ್ಲೇ ಹಣ ಕಟ್ಟುತ್ತೇವೆ.

ಲಗತ್ತು: ಕೊಟೇಷನ್, ಬಿಲ್, ಡ್ರಾಯಿಂಗ್ ಪ್ರತಿಗಳು

ಇಂತಿ,
ಘಟಕದ ಮಾಲೀಕರು