ತಂದೆಯವರ ಸೆರೆವಾಸದ ನೆನಪುಗಳು ಬರಹಕ್ಕಿಳಿದ ಸಂದರ್ಭದಲ್ಲಿ ಕೃತಜ್ಞತೆಗಳು

1962ರ ಭಾರತ-ಚೀನಾ ಯುದ್ಧದಲ್ಲಿ ಸೆರೆಸಿಕ್ಕಿ, ಟಿಬೆಟ್ಟಿನ ಶಿಬಿರದಲ್ಲಿ ಆರು ತಿಂಗಳು ಕಳೆದು ಬಂದ ನಮ್ಮ ತಂದೆಯವರ ನೆನಪುಗಳನ್ನು ಬರೆದಿಡುವ ಕೆಲಸ ಕಳೆದ ವಾರ ಪೂರ್ಣಗೊಂಡಿದೆ. ಅದರ ಒಂದು ಪ್ರತಿಯನ್ನು ನಮ್ಮೂರಿನ ಗ್ರಂಥಾಲಯಕ್ಕೂ ಇನ್ನೊಂದನ್ನು ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೂ ಒಪ್ಪಿಸಿದ್ದೇವೆ. ಅರವತ್ತು ವರ್ಷ ಈ ವಿಷಯದಲ್ಲಿ ಬಾಯಿಬಿಡದಿದ್ದವರು ಎಂಬತ್ತು ದಾಟಿದ ಮೇಲೆ ಮಾತನಾಡಿದ್ದು, ಅವರನ್ನು ಗೌರವದಿಂದ ಮಾತನಾಡಿಸಿದವರು ಇದ್ದುದರಿಂದ. ಅಂಥವರಿಗೆ ಕುಟುಂಬದ ಪರವಾಗಿ ವಂದನೆ ಸಲ್ಲಿಸುವುದು ನನ್ನ ಕರ್ತವ್ಯ.

ತಂದೆಯವರು ಸಿಗ್ನಲ್ಸ್ ದಳದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದರು. ಆ ವರ್ಷ ಅವರನ್ನು 7ನೇ ಇನ್‌ಫೆಂಟ್ರಿ ಬ್ರಿಗೇಡ್ ಜೊತೆ ಇಂದಿನ ಅರುಣಾಚಲ ಪ್ರದೇಶದ ತವಾಂಗ್ ಭಾಗದ ನಮ್ಕಾ ಚು ಹೊಳೆಯ ದಡಕ್ಕೆ ಕಳುಹಿಸಲಾಗಿತ್ತು. ಎದುರಿಗೆ ಥಾಗ್ಲಾ ಬೆಟ್ಟಸಾಲು. ಎತ್ತರದ ಜಾಗವೆಲ್ಲ ಚೀನೀಯರ ಕೈಯಲ್ಲಿ, ಕೆಳಗಿನ ಕಣಿವೆಯಲ್ಲಿ ನಮ್ಮವರು. ಆ ಚಳಿಯಲ್ಲಿ ಬಹುಪಾಲು ಜವಾನರ ಮೈಮೇಲೆ ಇದ್ದದ್ದು ಬೇಸಿಗೆಯ ಹತ್ತಿಬಟ್ಟೆಯ ಸಮವಸ್ತ್ರ. ಅಕ್ಟೋಬರ್ 20ರ ನಸುಕಿನಲ್ಲಿ ಫಿರಂಗಿ ದಾಳಿ ಶುರುವಾಗಿ, ಟೆಲಿಫೋನ್ ತಂತಿಗಳು ತುಂಡಾಗಿ, ಒಂದು ತುಕಡಿಗೆ ಇನ್ನೊಂದರ ಸುದ್ದಿಯೇ ಸಿಗದಂತಾಯಿತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಚದುರಿಹೋಯಿತು. ಅದರ ಮುಖ್ಯಸ್ಥರಾದ ಬ್ರಿಗೇಡಿಯರ್ ಜಾನ್ ದಳವಿಯವರೇ 22ರಂದು ಸೆರೆಸಿಕ್ಕರು. ಆ ಯುದ್ಧದಲ್ಲಿ ಸೆರೆಯಾದ ಭಾರತೀಯರ ಸಂಖ್ಯೆ 3,900ಕ್ಕೂ ಹೆಚ್ಚು. ನವೆಂಬರ್ 21ರಂದು ಚೀನಾ ಕದನವಿರಾಮ ಘೋಷಿಸಿದರೂ ಅವರಲ್ಲಿ ಹೆಚ್ಚಿನವರು ಊರು ಕಂಡದ್ದು 1963ರ ಬೇಸಿಗೆಯಲ್ಲಿ.

ತಂದೆಯವರು ಮೊದಲು ವಂದಿಸಬೇಕೆಂದು ಹೇಳಿದ್ದು ತಮಿಳುನಾಡಿನ ಒಬ್ಬ ಜೊತೆಗಾರರಿಗೆ. ಸೆರೆಯಾದವರನ್ನು ಬೆಟ್ಟ ದಾಟಿಸಿ ಟಿಬೆಟ್ಟಿನೊಳಕ್ಕೆ ನಡೆಸಿಕೊಂಡು ಹೋದಾಗ ತಂದೆಯವರ ಎಡಗಾಲಿನ ಬೆರಳುಗಳು ಹಿಮದಿಂದ ಮರಗಟ್ಟಿ ಹೆಜ್ಜೆ ಕಿತ್ತಿಡಲಾಗದಂತಾಗಿತ್ತು. ಆ ಪುಣ್ಯಾತ್ಮರು ತಮ್ಮ ಕಂಬಳಿಯ ಅಂಚು ಹರಿದು ಅವರ ಪಾದಕ್ಕೆ ಸುತ್ತಿ, ಹೆಗಲು ಕೊಟ್ಟು, ಶಿಬಿರದವರೆಗೂ ನಡೆಸಿದರು. ಬಿಡುಗಡೆಯ ನಂತರ ಇಬ್ಬರ ದಾರಿಯೂ ಬೇರೆಯಾಯಿತು. ಅವರ ಕುಟುಂಬದವರು ಎಲ್ಲಿದ್ದರೂ ನಮ್ಮ ಮನೆ ಅವರಿಗೆ ಋಣಿಯಾಗಿದೆ.

ಶಿಬಿರದ ದಿನಗಳ ಬಗ್ಗೆ ತಂದೆಯವರು ಹೇಳಿದ್ದರಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಊಟದ ವಿಷಯ. ಅನ್ನದ ಜೊತೆಗೆ ಉಪ್ಪು-ನೀರಿನಲ್ಲಿ ಬೇಯಿಸಿದ ಮೂಲಂಗಿ, ಮತ್ತೆ ಸಂಜೆಗೂ ಅದೇ ಮೂಲಂಗಿ. ನಮ್ಮ ಮನೆಯಲ್ಲಿ ಎಂದೂ ಮೂಲಂಗಿ ಹುಳಿ ಮಾಡಿದ್ದಿಲ್ಲ. ಸಂತೆಯಲ್ಲಿ ಎಷ್ಟೇ ಎಳೆಯದಾಗಿ, ಅಗ್ಗವಾಗಿ ಸಿಕ್ಕರೂ ಅಮ್ಮ ಕೊಳ್ಳುತ್ತಿರಲಿಲ್ಲ; ಕೇಳಿದರೆ, 'ನಿಮ್ಮಪ್ಪನಿಗೆ ಆಗಿಬರಲ್ಲ' ಎಂದಷ್ಟೇ ಹೇಳುತ್ತಿದ್ದರು. ಕಾರಣ ಅವರಿಗೆ ಮದುವೆಯಾದ ವರ್ಷವೇ ಗೊತ್ತಿತ್ತೆಂಬುದು ನಮಗೆ ತಿಳಿದದ್ದು ಈಗ. ಇಷ್ಟು ಕಾಲ ಆ ನೋವಿಗೆ ಕಾವಲಾಗಿದ್ದ ಅಮ್ಮನಿಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳಬೇಕೋ ನಾನರಿಯೆ.

ತಂದೆಯವರ ಮೌನಕ್ಕೆ ಶಿಬಿರದ ಕಷ್ಟಕ್ಕಿಂತ ಊರಿಗೆ ಬಂದ ಮೇಲಿನ ಮಾತುಗಳೇ ಹೆಚ್ಚು ಕಾರಣ. ಮರಳಿ ಬಂದ ಸೈನಿಕರನ್ನು ರಾಂಚಿಯ ಕಡೆಗೆ ಕರೆದೊಯ್ದು ವಿಚಾರಣೆಗೆ ಒಳಪಡಿಸಲಾಯಿತು. ಅದು ಸೈನ್ಯದ ರೀತಿ ಎಂದು ಅವರು ಸಹಿಸಿಕೊಂಡರು. ರಜೆಯಲ್ಲಿ ಊರಿಗೆ ಬಂದಾಗ ನೆಂಟರ ಮದುವೆಯೊಂದರ ಪಂಕ್ತಿಯಲ್ಲಿ ಹಿರಿಯರೊಬ್ಬರು, 'ಕೈಯೆತ್ತಿ ಬಂದೆಯಂತಲ್ಲೋ' ಎಂದದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಎಲೆ ಬಿಟ್ಟು ಎದ್ದು ಬಂದವರು ಆಮೇಲೆ ಪಿಂಚಣಿ ಪಡೆಯುವವರೆಗೂ ಸೇವೆ ಸಲ್ಲಿಸಿದರೂ ಊರಿನ ಯಾವ ಸನ್ಮಾನಕ್ಕೂ ಒಪ್ಪಲಿಲ್ಲ. ಮದ್ದುಗುಂಡು ಮುಗಿದು, ಸುತ್ತುವರಿಯಲ್ಪಟ್ಟು ಸೆರೆಯಾದವನನ್ನು ಹೇಡಿ ಎನ್ನುವುದು ಘೋರ ಅನ್ಯಾಯವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. 1949ರ ಜಿನೀವಾ ಒಪ್ಪಂದವು ಯುದ್ಧಕೈದಿಗಳನ್ನು ಎಲ್ಲ ಕಾಲದಲ್ಲೂ ಮಾನವೀಯವಾಗಿ ಕಾಣಬೇಕೆಂದು, ಅವರ ಮಾನಕ್ಕೆ ಧಕ್ಕೆ ತರಬಾರದೆಂದು ವಿಧಿಸುವುದು ಸೆರೆಹಿಡಿದ ದೇಶಕ್ಕೆ. ಆ ಮರ್ಯಾದೆಯನ್ನು ಸ್ವಂತ ಊರೂ ಕೊಡಬೇಕೆಂದು ಯಾವ ಕಾನೂನಿನಲ್ಲಿಯೂ ಬರೆದಿಲ್ಲ.

ಆ ಮರ್ಯಾದೆಯನ್ನು ತಾವಾಗಿ ಕೊಟ್ಟವರು ನಮ್ಮ ತಾಲ್ಲೂಕಿನ ಮಾಜಿ ಸೈನಿಕರು. 1971ರ ಯುದ್ಧದಲ್ಲಿ ಹೋರಾಡಿದ ಸುಬೇದಾರರೊಬ್ಬರು ಸಂಘದ ಸಭೆಯಲ್ಲಿ ಎಲ್ಲರೆದುರಿಗೆ ತಂದೆಯವರಿಗೆ ಸೆಲ್ಯೂಟ್ ಮಾಡಿ, 'ಅಣ್ಣಾ, ನೀವು ನಮಗಿಂತ ದೊಡ್ಡ ಯುದ್ಧ ಮಾಡಿದ್ದೀರಿ, ಅದನ್ನು ನಮಗೆ ಹೇಳಿ' ಎಂದು ಕೇಳಿಕೊಂಡರು. ತಂದೆಯವರು ಒಪ್ಪಿದ್ದು ಆ ದಿನ. ಅವರಿಗೆ ಮತ್ತು ಸಂಘದ ಎಲ್ಲರಿಗೆ ನಮ್ಮ ನಮಸ್ಕಾರಗಳು.

ಧ್ವನಿಮುದ್ರಣದ ಹೊಣೆ ಹೊತ್ತ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಒಂದು ದಿನವೂ 'ಹೇಗೆ ಸಿಕ್ಕಿಬಿದ್ದಿರಿ' ಎಂದು ಕೇಳಲಿಲ್ಲ. ನಕ್ಷೆ ಹರಡಿ, ಆ ದಿನ ಕಾಲಿಗೆ ಏನು ಹಾಕಿದ್ದಿರಿ, ಹೊಳೆಯ ಸದ್ದು ಎಷ್ಟಿತ್ತು, ಸೆಟ್‌ನ ಬ್ಯಾಟರಿ ಎಲ್ಲಿ ಚಾರ್ಜ್ ಮಾಡುತ್ತಿದ್ದಿರಿ ಎಂದು ಕೇಳುತ್ತ ಹೋದರು. ಉಳಿದದ್ದನ್ನು ತಂದೆಯವರೇ ಹೇಳಿದರು. ಕೇಳಿ ಕೇಳಿ ಬರೆದುಕೊಂಡು, ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟ ಅವರ ಇಬ್ಬರು ಹಳೆಯ ವಿದ್ಯಾರ್ಥಿನಿಯರಿಗೂ ವಂದನೆಗಳು.

ಇನ್ನೊಬ್ಬರು ಈಗ ಇಲ್ಲ. 'ಕಾಣೆಯಾಗಿದ್ದಾರೆ' ಎಂಬ ತಂತಿ ಬಂದು ಅಜ್ಜಿ ಅನ್ನ ಬಿಟ್ಟು ಮಲಗಿದ್ದಾಗ, ರೆಡ್ ಕ್ರಾಸ್ ಮೂಲಕ ಶಿಬಿರದಿಂದ ಬಂದ ಇಂಗ್ಲಿಷ್ ಪತ್ರವನ್ನು ಓದಿ ಹೇಳಿದವರು ಊರಿನ ಪ್ರಾಥಮಿಕ ಶಾಲೆಯ ಅಂದಿನ ಉಪಾಧ್ಯಾಯರು. ಜೊತೆಗಾರರೊಬ್ಬರ ಕೈಯಲ್ಲಿ ಬರೆಸಿದ ನಾಲ್ಕು ಸಾಲು, ಕೆಳಗೆ ತಂದೆಯವರ ಕನ್ನಡ ಸಹಿ. ಅಜ್ಜಿ ಕೇಳಿದಾಗಲೆಲ್ಲ ಬೇಸರಿಸದೆ ಮನೆಗೆ ಬಂದು ಅದೇ ಪತ್ರವನ್ನು ಮತ್ತೆ ಮತ್ತೆ ಓದಿದರಂತೆ. ಅವರ ಮೊಮ್ಮಕ್ಕಳು ಪ್ರತಿ ಒಪ್ಪಿಸುವ ದಿನ ಬೆಂಗಳೂರಿನಿಂದ ಬಂದಿದ್ದು ನಮಗೆ ಬಹಳ ಸಂತೋಷ ತಂದಿತು.

ತಂದೆಯವರು ಈಗ ಆರೋಗ್ಯವಾಗಿದ್ದಾರೆ, ಆದರೆ ಕಿವಿ ಸ್ವಲ್ಪ ಮಂದವಾಗಿದೆ. ಆ ಯುದ್ಧದಲ್ಲಿ ಸೆರೆಯಾಗಿದ್ದವರ ಮನೆಯವರು ಯಾರಾದರೂ ಬಂದರೆ ಮಾತನಾಡಲು ಅವರಿಗೆ ಇಷ್ಟವಿದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಊಟದವರೆಗೆ ಅವರು ಜಗಲಿಯಲ್ಲಿಯೇ ಇರುತ್ತಾರೆ. ದಯವಿಟ್ಟು ಎಡಗಡೆ ಕುಳಿತು, ಸ್ವಲ್ಪ ಜೋರಾಗಿ ಮಾತನಾಡಿ.